ಸೆಳವಿನಲ್ಲಿ ಮೀನು: ಕೃಷ್ಣಾ–ದೂಧಗಂಗಾ ದಂಡೆಯಿಂದ ಒಂದು ನೋಟ

ಹರಿಯುವ ನೀರಿನ ಕ್ಷೋಭೆಯನ್ನು ಮೀನು ಹೇಗೆ ಗ್ರಹಿಸುತ್ತದೆ, ಆ ಕ್ಷೋಭೆಯೊಳಗೆ ಹೇಗೆ ಈಜುತ್ತದೆ ಎಂಬುದು ಪ್ರಾಣಿಶಾಸ್ತ್ರ, ನರವಿಜ್ಞಾನ ಮತ್ತು ದ್ರವಬಲವಿಜ್ಞಾನ ಮೂರೂ ಕೈಜೋಡಿಸಿ ಅಭ್ಯಾಸ ಮಾಡುತ್ತಿರುವ ವಿಷಯ. ಇದರ ಪ್ರಯೋಗಗಳು ಬಹುಪಾಲು ನಡೆದದ್ದು ಅಮೆರಿಕ, ಯುರೋಪಿನ ಪ್ರಯೋಗಾಲಯಗಳ ನೀರಿನ ಕಾಲುವೆಗಳಲ್ಲಿ, ಟ್ರೌಟ್ ಮತ್ತು ಜೀಬ್ರಾ ಮೀನಿನ ಮೇಲೆ. ಆದರೆ ಅಲ್ಲಿ ಕಂಡುಕೊಂಡದ್ದನ್ನು ಒರೆಗೆ ಹಚ್ಚಿ ನೋಡಲು ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಂಥ ನೆಲ ಅಪರೂಪ. ಮಳೆಗಾಲದಲ್ಲಿ ಇಲ್ಲಿಯ ಹೊಳೆಗಳು ಕೆಂಪಾಗಿ, ದಂಡೆ ಮೀರಿ, ಸುಳಿ ಸುತ್ತುತ್ತ ಹರಿಯುತ್ತವೆ. ಮಳೆ ನಿಂತ ಮೇಲೆ ಅದೇ ಹೊಳೆ ಒಂದರ ಹಿಂದೊಂದು ಬಾಂದಾರ (ಹೊಳೆಗೆ ಅಡ್ಡ ಹಲಗೆ ಹಾಕಿ ನೀರು ನಿಲ್ಲಿಸುವ ಒಡ್ಡು) ಕಟ್ಟಿದ ನಿಂತ ನೀರಿನ ಸರಣಿಯಾಗುತ್ತದೆ. ಒಂದೇ ಮೀನು ಒಂದೇ ವರ್ಷದಲ್ಲಿ ಎರಡನ್ನೂ ಎದುರಿಸಬೇಕು.

ಹೊಳೆಗಳು

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರ ಬಾಂದಾರ ದಾಟಿ ಕರ್ನಾಟಕಕ್ಕೆ ಬರುತ್ತದೆ. ಕೊಲ್ಹಾಪುರ ಸೀಮೆಯ ಘಟ್ಟದಿಂದ ಇಳಿಯುವ ವೇದಗಂಗಾ ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಬಳಿ ದೂಧಗಂಗೆಯನ್ನು ಸೇರುತ್ತದೆ. ಸದಲಗಾ ಬದಿಯಿಂದ ಬರುವ ದೂಧಗಂಗಾ ಕಲ್ಲೋಳ–ಯಡೂರ ಸೀಮೆಯಲ್ಲಿ ಕೃಷ್ಣೆಗೆ ಕೂಡುತ್ತದೆ. ಮುಂದೆ ಅಂಕಲಿ, ಮಾಂಜರಿ, ಉಗಾರ, ಕುಡಚಿಗಳ ಮೇಲಿಂದ ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನತ್ತ ಹೊಳೆ ಸಾಗುತ್ತದೆ. ಅಥಣಿಯ ಅಗ್ರಣಿ ಮಾತ್ರ ವರ್ಷದ ಬಹುಕಾಲ ಒಣಗಿರುವ ಹಳ್ಳ.

ಘಟ್ಟದಲ್ಲಿ ಕಲ್ಲಿನಿಂದ ಕಲ್ಲಿಗೆ ಧುಮುಕುವ ನೀರು ಇಲ್ಲಿಗೆ ಬರುವ ಹೊತ್ತಿಗೆ ಅಗಲವಾಗಿ, ಆಳವಾಗಿ, ಇಳಿಜಾರು ಕಳೆದುಕೊಂಡಿರುತ್ತದೆ. ಮೇಲ್ಮೈ ನೋಡಿದರೆ ಶಾಂತ, ಒಳಗೆ ಶಾಂತವಲ್ಲ. ದ್ರವದ ವೇಗ, ಗಾತ್ರ, ಸ್ನಿಗ್ಧತೆಗಳನ್ನು ಕೂಡಿಸಿ ಲೆಕ್ಕಹಾಕುವ ರೆನಾಲ್ಡ್ಸ್ ಸಂಖ್ಯೆ ಕೆಲವು ಸಾವಿರ ದಾಟಿತೆಂದರೆ ಹರಿವು ಪದರ ಪದರವಾಗಿ ಸಾಗುವುದನ್ನು ಬಿಟ್ಟು ಕ್ಷೋಭೆಗೊಳ್ಳುತ್ತದೆ. ಐದು ಮೀಟರ್ ಆಳದ, ಸೆಕೆಂಡಿಗೆ ಒಂದು ಮೀಟರ್ ವೇಗದ ಕೃಷ್ಣೆಯಲ್ಲಿ ಆ ಸಂಖ್ಯೆ ಐವತ್ತು ಲಕ್ಷದ ಸುತ್ತ. ಅಂದರೆ ಈ ಹೊಳೆ ಎಷ್ಟೇ ಮೆಲ್ಲಗೆ ಹರಿದರೂ ಕ್ಷುಬ್ಧವೇ. ದೊಡ್ಡ ಸುಳಿಗಳು ಒಡೆದು ಸಣ್ಣವಾಗುತ್ತವೆ, ಸಣ್ಣವು ಇನ್ನೂ ಸಣ್ಣವಾಗುತ್ತವೆ, ಕೊನೆಗೆ ಮಿಲಿಮೀಟರ್ ಅಳತೆಗೆ ಇಳಿದು ಶಾಖವಾಗಿ ಕರಗುತ್ತವೆ. ಈ ಸುಳಿಗಳ ಪೈಕಿ ಮೀನಿಗೆ ಲೆಕ್ಕಕ್ಕೆ ಬರುವವು ಯಾವುವು ಎಂಬುದೇ ಈ ಶಾಸ್ತ್ರದ ತಿರುಳು.

ಗ್ರಹಿಕೆ

ನೀರು ಹರಿಯುತ್ತಿದೆಯೆಂದು ಮೀನಿಗೆ ಗೊತ್ತಾಗುವುದೇ ಮೊದಲ ತೊಡಕು. ದಂಡೆಯ ಮೇಲೆ ನಿಂತವರಿಗೆ ಸೆಳವು ಕಣ್ಣಿಗೆ ಕಾಣುತ್ತದೆ. ನೀರಿನೊಂದಿಗೇ ತೇಲುತ್ತಿರುವ ಮೀನಿಗೆ, ಸುತ್ತಲಿನ ನೀರೆಲ್ಲ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಚಲನೆಯ ಅರಿವೇ ಆಗದು. ದಂಡೆ ಅಥವಾ ತಳ ಕಣ್ಣಿಗೆ ಬೀಳಬೇಕು, ಇಲ್ಲವೇ ಮೈ ತಳಕ್ಕೆ ತಾಗಬೇಕು, ಅದೂ ಇಲ್ಲದಿದ್ದರೆ ನೀರಿನ ವೇಗ ಮೈಯ ಒಂದು ಕಡೆಗಿಂತ ಇನ್ನೊಂದು ಕಡೆ ಬೇರೆಯಾಗಿರಬೇಕು. ಮೀನು ಸೆಳವಿಗೆ ಎದುರಾಗಿ ಮುಖ ಮಾಡುವುದು ಮುಖ್ಯವಾಗಿ ಕಣ್ಣಿನ ನೆರವಿನಿಂದ ಎಂದು ಇ. ಪಿ. ಲಯನ್ 1904ರಲ್ಲಿ ತೋರಿಸಿದ. ಅದು ತಿಳಿನೀರಿಗೆ ಸರಿ. ಆಷಾಢದ ಕೃಷ್ಣೆಯಲ್ಲಿ, ಎರೆಮಣ್ಣು ಕದಡಿ ಅಂಗೈ ಮುಳುಗಿಸಿದರೆ ಬೆರಳು ಕಾಣದ ನೀರಿನಲ್ಲಿ, ಕಣ್ಣು ಯಾವ ಕೆಲಸಕ್ಕೆ ಬಂದೀತು?

ಅಲ್ಲಿ ನೆರವಿಗೆ ಬರುವುದು ಪಾರ್ಶ್ವರೇಖೆ. ಚಿಕ್ಕೋಡಿಯ ಸಂತೆಯಲ್ಲೋ ನಿಪ್ಪಾಣಿಯ ಮಾರುಕಟ್ಟೆಯಲ್ಲೋ ರೋಹು ಕೊಳ್ಳುವವರು ಅದರ ಮಗ್ಗುಲನ್ನು ಬೆಳಕಿಗೆ ಹಿಡಿದು ನೋಡಬಹುದು: ಕಿವಿರಿನ ಮುಚ್ಚಳದ ಹಿಂದಿನಿಂದ ಬಾಲದ ಬುಡದವರೆಗೆ, ಸುಮಾರು 40 ಹುರುಪೆಗಳ ಮೇಲೆ, ಹುರುಪೆಗೊಂದರಂತೆ ಸಣ್ಣ ತೂತುಗಳ ಸಾಲು. ಜಿಲೇಬಿ ಮೀನಿನಲ್ಲಿ ಈ ಸಾಲು ಒಂದೇ ಗೆರೆಯಲ್ಲಿಲ್ಲ. ಮುಂದಿನ ತುಂಡು ಮೇಲೆ, ಹಿಂದಿನ ತುಂಡು ಕೆಳಗೆ. ಹುರುಪೆಯೇ ಇಲ್ಲದ ಬಾಳೆಮೀನಿನ ನುಣ್ಣನೆಯ ಚರ್ಮದ ಮೇಲೂ ಗೆರೆ ಸ್ಪಷ್ಟ. ತಲೆಯ ಮೇಲೆ, ಕಣ್ಣಿನ ಸುತ್ತ, ಕೆಳದವಡೆಯ ಉದ್ದಕ್ಕೂ ಇಂಥ ಸಾಲುಗಳಿವೆ.

ಹದಿನೇಳನೇ ಶತಮಾನದಿಂದ ಬಹುಕಾಲ ಇವನ್ನು ಲೋಳೆ ಸ್ರವಿಸುವ ರಂಧ್ರಗಳೆಂದೇ ಎಣಿಸಲಾಗಿತ್ತು. ಇವು ಇಂದ್ರಿಯಗಳೆಂದು ಫ್ರಾಂಝ್ ಲೈಡಿಗ್ 1850ರಲ್ಲಿ ಗುರುತಿಸಿದ. ನೀರಿನ ಹರಿವನ್ನು ಅರಿಯುವ ಇಂದ್ರಿಯವೆಂದು ಬ್ರೂನೋ ಹೋಫರ್ 1908ರಲ್ಲಿ ತೋರಿಸಿದ. 1930ರ ದಶಕದಲ್ಲಿ ಸ್ವೆನ್ ಡೈಕ್‌ಗ್ರಾಫ್ ಇದನ್ನು ದೂರದಿಂದಲೇ ಮುಟ್ಟಿ ನೋಡುವ ಶಕ್ತಿಯೆಂದು ಬಣ್ಣಿಸಿದ. ಆ ವರ್ಣನೆ ಇಂದಿಗೂ ಹಳತಾಗಿಲ್ಲ.

ಇಂದ್ರಿಯದ ಮೂಲ ಘಟಕ ನ್ಯೂರೋಮಾಸ್ಟ್. ರೋಮಕೋಶಗಳ ಒಂದು ಗುಚ್ಛ, ಅದರ ರೋಮಗಳ ಮೇಲೆ ನೀರಿನೊಳಕ್ಕೆ ಚಾಚಿಕೊಂಡ ಮೆದುವಾದ ಲೋಳೆಯ ಟೊಪ್ಪಿಗೆ. ನೀರು ಟೊಪ್ಪಿಗೆಯನ್ನು ಒರಗಿಸಿದರೆ ರೋಮ ಬಾಗುತ್ತದೆ, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ನರದಲ್ಲಿ ಸಂಕೇತ ಓಡುತ್ತದೆ. ಒಂದೊಂದು ಗುಚ್ಛದಲ್ಲೂ ಎರಡು ವಿರುದ್ಧ ದಿಕ್ಕಿಗೆ ಸ್ಪಂದಿಸುವ ಕೋಶಗಳು ಬೆರೆತಿರುವುದರಿಂದ ನೀರು ತಲೆಯಿಂದ ಬಾಲಕ್ಕೆ ಹರಿಯಿತೋ, ಬಾಲದಿಂದ ತಲೆಗೋ ಎಂಬುದು ಮೆದುಳಿಗೆ ತಿಳಿಯುತ್ತದೆ. ನ್ಯೂರೋಮಾಸ್ಟ್‌ಗಳಲ್ಲಿ ಎರಡು ಬಗೆ. ಚರ್ಮದ ಮೇಲೆ ನೇರವಾಗಿ ಕೂತವು ಹರಿವಿನ ವೇಗವನ್ನು ಅಳೆಯುತ್ತವೆ. ಹುರುಪೆಯ ಕೆಳಗಿನ ನಾಳದೊಳಗೆ ಕೂತವು ಎರಡು ತೂತುಗಳ ನಡುವಿನ ಒತ್ತಡದ ವ್ಯತ್ಯಾಸವನ್ನು, ಅಂದರೆ ವೇಗದ ಏರಿಳಿತವನ್ನು ಅಳೆಯುತ್ತವೆ. ಒಂದೇ ಸಮನೆ ಹರಿಯುವ ಸೆಳವು ನಾಳದೊಳಗೆ ಅಷ್ಟಾಗಿ ತಟ್ಟದ ಕಾರಣ ಆ ಗದ್ದಲದ ನಡುವೆಯೂ ಪಕ್ಕದಲ್ಲಿ ಸರಿದುಹೋದ ಮರಿಮೀನಿನ ಅಲುಗಾಟ ಹಿಡಿಯುವ ಕೆಲಸ ಇವಕ್ಕೆ ಸಾಧ್ಯ. ಮೀನು ತಾನೇ ಬಾಲ ಬಡಿಯುವಾಗ ತನ್ನದೇ ಅಲೆಯಿಂದ ಮೋಸಹೋಗದಂತೆ ಮೆದುಳು ಈ ಕೋಶಗಳ ಸೂಕ್ಷ್ಮತೆಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ.

ಕಣ್ಣಿನ ನೆರವಿಲ್ಲದೆಯೂ ಪಾರ್ಶ್ವರೇಖೆಯಿಂದ ಮೀನು ಸೆಳವಿಗೆ ಎದುರಾಗಬಲ್ಲದೆಂದು ಜಾನ್ ಮಾಂಟ್‌ಗೊಮರಿ ಮತ್ತು ಸಂಗಡಿಗರು 1997ರಲ್ಲಿ ಸಾಬೀತು ಮಾಡಿದರು. ಅದರ ಒಳಗುಟ್ಟು 2017ರಲ್ಲಿ ಜೀಬ್ರಾ ಮೀನಿನ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಹೊರಬಿತ್ತು. ಮರಿ ತನ್ನ ಎಡ ಮಗ್ಗುಲಿನ ಹರಿವನ್ನು ಬಲ ಮಗ್ಗುಲಿನ ಹರಿವಿನೊಡನೆ ಹೋಲಿಸಿ, ನೀರು ಯಾವ ಕಡೆಗೆ ತಿರುಚಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಆ ತಿರುಚು ಹೆಚ್ಚಾಗುತ್ತ ಹೋದರೆ ಪಕ್ಕಕ್ಕೆ ಹೊರಳುತ್ತದೆ, ಕಡಿಮೆಯಾದರೆ ನೇರ ಸಾಗುತ್ತದೆ. ಹರಿವಿನಲ್ಲಿ ಏರುಪೇರು ಇದ್ದರೇ ಈ ಉಪಾಯ ನಡೆಯುವುದು. ಕ್ಷೋಭೆ ಮೀನಿಗೆ ಬರೀ ಅಡ್ಡಿಯಾಗಿದ್ದರೆ ಇಂಥ ಇಂದ್ರಿಯ ಬೆಳೆಯುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ.

ಪಾರ್ಶ್ವರೇಖೆ ಒಂಟಿಯಾಗಿ ದುಡಿಯುವುದಿಲ್ಲ. ಒಳಕಿವಿಯ ಸಣ್ಣ ಕಲ್ಲುಗಳು ಮೈ ಓಲುವುದನ್ನು ತಿಳಿಸುತ್ತವೆ, ರೆಕ್ಕೆಯ ಕಡ್ಡಿಗಳಲ್ಲಿನ ನರಗಳು ರೆಕ್ಕೆ ಎಷ್ಟು ಬಾಗಿತೆಂದು ತಿಳಿಸುತ್ತವೆ. ಇರುಳಿನ ಬೇಟೆಗಾರ ಮೀನುಗಳಲ್ಲಿ ಇದೆಲ್ಲ ಎಷ್ಟು ದೂರ ಹೋಗಿದೆ ಎಂಬುದಕ್ಕೆ ಯುರೋಪಿನ ವೆಲ್ಸ್ ಬೆಕ್ಕುಮೀನು ಸಾಕ್ಷಿ. ಕಗ್ಗತ್ತಲಲ್ಲಿ ಅದು ಗಪ್ಪಿ ಮೀನು ಹಾದುಹೋದ ಜಾಡನ್ನು, ಹತ್ತು ಸೆಕೆಂಡು ಹಳತಾದ ಸುಳಿಗಳನ್ನೂ ಹಿಡಿದು, ತಿರುವು ತಿರುವಾಗಿ ಬೆನ್ನಟ್ಟಿ ಹಿಡಿಯುತ್ತದೆಂದು 2001ರಲ್ಲಿ ವರದಿಯಾಯಿತು. ನಮ್ಮ ಹೊಳೆಯ ಬಾಳೆಮೀನು ಅದೇ ಕುಟುಂಬಕ್ಕೆ ಸೇರಿದ್ದು.

ಈಜು

ಬಾಲ ಅತ್ತಿತ್ತ ಬಡಿದಾಗ ಪ್ರತಿ ಬಡಿತಕ್ಕೂ ಒಂದೊಂದು ಸುಳಿ ಕಳಚಿಕೊಳ್ಳುತ್ತದೆ. ಎಡದ್ದು ಒಂದು ದಿಕ್ಕಿಗೆ, ಬಲದ್ದು ಇನ್ನೊಂದು ದಿಕ್ಕಿಗೆ ತಿರುಗುತ್ತ, ಎರಡೂ ಸೇರಿ ನೀರಿನ ಒಂದು ಧಾರೆಯನ್ನು ಹಿಂದಕ್ಕೆ ತಳ್ಳುತ್ತವೆ, ಮೀನು ಮುಂದೆ ಹೋಗುತ್ತದೆ. ಬಾಲ ಬಡಿತದ ವೇಗವನ್ನು ಬಡಿತದ ಅಗಲದಿಂದ ಗುಣಿಸಿ ಈಜುವ ವೇಗದಿಂದ ಭಾಗಿಸಿದರೆ ಬರುವ ಸ್ಟ್ರೌಹಾಲ್ ಸಂಖ್ಯೆ, ಸಣ್ಣ ಮೀನಿನಿಂದ ತಿಮಿಂಗಿಲದವರೆಗೆ, ಬಹುತೇಕ 0.2ರಿಂದ 0.4ರ ನಡುವೆ ನಿಲ್ಲುತ್ತದೆ. ಬಾಲದ ಮೆದುತನಕ್ಕೂ ಇಲ್ಲಿ ಪಾತ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಚಿನ್ ಶಿಂದೆ ಮತ್ತು ಜಯವಂತ ಅರಕೇರಿ ನಿಂತ ನೀರಿನಲ್ಲಿ ಬಡಿಯುವ ಗಡುಸು ರೆಕ್ಕೆಯನ್ನು ಪರೀಕ್ಷಿಸಿದಾಗ ಅದರ ಧಾರೆ ಅತ್ತಿತ್ತ ಹೊರಳಾಡಿತು. ತುದಿಗೆ ಬಾಗುವ ಹಾಳೆ ಜೋಡಿಸಿದಾಗ ಧಾರೆ ನೇರವಾಯಿತು.

ಸ್ನಾಯುಗಳಲ್ಲಿ ಎರಡು ಬಗೆ. ಮಗ್ಗುಲಿನ ಉದ್ದಕ್ಕೆ ತೆಳುವಾಗಿ ಹಬ್ಬಿದ ಕೆಂಪು ಸ್ನಾಯು ಆಮ್ಲಜನಕ ಬಳಸಿ ಗಂಟೆಗಟ್ಟಲೆ ದಣಿಯದೆ ದುಡಿಯುತ್ತದೆ. ಮೈತುಂಬ ಇರುವ ಬಿಳಿ ಸ್ನಾಯು ಕೆಲವೇ ಸೆಕೆಂಡು ಸಿಡಿದು ಸೋಲುತ್ತದೆ. ಸಿಡಿದಾಗ ಮೀನು ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟು ದೂರ ಹೋಗಬಲ್ಲದು ಎಂಬುದು ಒರಟು ಲೆಕ್ಕ. ಒಂದಡಿಯ ಮೀನಿಗೆ ಅದು ಸೆಕೆಂಡಿಗೆ ಮೂರು ಮೀಟರ್. ನೀರಿನ ಎದುರು ವೇಗ ದುಪ್ಪಟ್ಟಾದರೆ ಈಜಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಹೀಗಾಗಿ ಸೆಳವಿನಲ್ಲಿ ಬದುಕುವ ಜಾಣತನವೆಲ್ಲ ಈಜದಿರುವುದರಲ್ಲಿದೆ. ತಳದ ಹತ್ತಿರ ನೀರು ನಿಧಾನ, ಕಲ್ಲಿನ ಮಗ್ಗುಲಲ್ಲಿ ಇನ್ನೂ ನಿಧಾನ, ದಂಡೆಯ ಬೇರುಗಳ ನಡುವೆ ನಿಂತೇ ಇರುತ್ತದೆ. ಮೀನು ಅಲ್ಲಿ ತಂಗಿ, ಮೇವು ತೇಲಿ ಬರುವ ವೇಗದ ನೀರಿನ ಅಂಚಿಗೆ ಹಾರಿ, ಮತ್ತೆ ಹಿಂದಿರುಗುತ್ತದೆ. ಬಲೆ ಬೀಸುವ ಅಂಬಿಗರು ಸೆಳವೂ ಮಡುವೂ ಕೂಡುವ ಗೆರೆಯನ್ನೇ ಹುಡುಕುವುದು ಇದಕ್ಕೆ.

ಸುಳಿಯ ಅಳತೆ

ಹೊಳೆಯಲ್ಲಿ ನಿಂತ ಕಂಬದ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಸರದಿಯಂತೆ ಕಳಚಿಕೊಂಡು ಸಾಲಾಗಿ ಹರಿಯುತ್ತವೆ. ಥಿಯೋಡರ್ ಫಾನ್ ಕಾರ್ಮಾನ್ 1911ರಲ್ಲಿ ಇದರ ಗಣಿತ ಕೊಟ್ಟದ್ದರಿಂದ ಇದಕ್ಕೆ ಕಾರ್ಮಾನ್ ಸುಳಿಸಾಲು ಎಂದು ಹೆಸರು. ಜೇಮ್ಸ್ ಲಿಯಾವೊ ಮತ್ತು ಸಂಗಡಿಗರು 2003ರಲ್ಲಿ ಇಂಥ ಸಾಲಿನೊಳಗೆ ರೇನ್‌ಬೋ ಟ್ರೌಟ್ ಮೀನನ್ನು ಬಿಟ್ಟು ಅದರ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದರು. ಮೀನು ಸುಳಿಗಳನ್ನು ಸೀಳಿ ಹೋಗಲಿಲ್ಲ, ಅವುಗಳ ನಡುವೆ ಹಾವಿನಂತೆ ಓಲಾಡುತ್ತ ನಿಂತಿತು. ಬಾಲ ಬಡಿತ ಸುಳಿ ಕಳಚುವ ತಾಳಕ್ಕೆ ಕೂಡಿಕೊಂಡಿತು, ಮೈಯ ಹೆಚ್ಚಿನ ಸ್ನಾಯುಗಳು ಸುಮ್ಮನಿದ್ದವು. ಇದೇ ಗುಂಪು 2006ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಇನ್ನೂ ಬೆರಗಿನದು: ಕಂಬದ ಹಿಂದಿನ ಸುಳಿಸಾಲಿನಲ್ಲಿ ಸತ್ತ ಟ್ರೌಟ್ ಮೀನು ಬಾಗಿ ಬಳುಕಿ, ಹರಿವಿಗೆ ಎದುರಾಗಿ ಕಂಬದತ್ತ ಸಾಗಿತು. ಹದವಾದ ಸುಳಿಯಿಂದ ಶಕ್ತಿ ಕಸಿಯಲು ಜೀವವೂ ಬೇಡ, ಮೈಯ ಮೆದುತನ ಸಾಕು. ಜೀವಂತ ಮೀನಿಗೆ ಅಲ್ಲಿ ನೆಲೆ ನಿಲ್ಲಲು ಮಾತ್ರ ಇಂದ್ರಿಯಗಳು ಬೇಕು. ಕತ್ತಲಲ್ಲಿ ಟ್ರೌಟ್‌ಗಳು ಸುಳಿಸಾಲಿನಲ್ಲಿ ಕಳೆಯುವ ಸಮಯ ಇಳಿಯುತ್ತದೆ.

ಹದ ಎಂದರೆ ಎಷ್ಟು? ಈ ಪ್ರಯೋಗಗಳಲ್ಲಿ ಕಂಬದ ಅಗಲ ಮೀನಿನ ಉದ್ದದ ಸುಮಾರು ಅರ್ಧ. ಸುಳಿ ಕಳಚುವ ವೇಗ ತಿಳಿಯಲು ನೀರಿನ ವೇಗವನ್ನು ಕಂಬದ ಅಗಲದಿಂದ ಭಾಗಿಸಿ 0.2ರಿಂದ ಗುಣಿಸಿದರಾಯಿತು. ಸೇತುವೆಯ ಎರಡು ಮೀಟರ್ ಅಗಲದ ಕಂಬಕ್ಕೆ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಬಡಿದರೆ ಹತ್ತು ಸೆಕೆಂಡಿಗೊಮ್ಮೆ ಒಂದು ಜೋಡಿ ಸುಳಿ, ಜೋಡಿಗಳ ನಡುವೆ ಎಂಟು–ಹತ್ತು ಮೀಟರ್ ಅಂತರ. ಒಂದಡಿಯ ಮೀನಿಗೆ ಇದು ತಾಳ ಹಾಕುವಷ್ಟು ಚಿಕ್ಕ ಸುಳಿಯಲ್ಲ. ಅದು ಕಂಬದ ಮಗ್ಗುಲಿಗೋ ಹಿಂದಿನ ಸತ್ತ ನೀರಿಗೋ ಒತ್ತಿ ನಿಲ್ಲುತ್ತದೆ. ಅದೇ ಸೆಳವಿನಲ್ಲಿ 15 ಸೆಂಟಿಮೀಟರ್ ದಪ್ಪದ ಮರದ ದಿಮ್ಮಿ ನೆಟ್ಟಗೆ ಸಿಕ್ಕಿಕೊಂಡಿದ್ದರೆ ಮೂರು ಸೆಕೆಂಡಿಗೆ ನಾಲ್ಕು ಜೋಡಿ ಸುಳಿ. ಸ್ವತಃ ಈಜಿದ್ದರೆ ಸೆಕೆಂಡಿಗೆ ಐದರಷ್ಟು ಬಾಲ ಬಡಿಯಬೇಕಿದ್ದ ಮೀನಿಗೆ ಈಗ ಸೆಕೆಂಡಿಗೆ 1.3ರಷ್ಟು ಬಡಿತ ಸಾಕು. ಇನ್ನು ಮಹಾಪೂರ ಬಂದು ಕಬ್ಬಿನ ಗದ್ದೆಯೊಳಗೆ ನೀರು ಮೆಲ್ಲಗೆ ನುಗ್ಗಿದಾಗ, ಮೂರು ಸೆಂಟಿಮೀಟರ್ ದಪ್ಪದ ಕಬ್ಬಿನ ಜಲ್ಲೆಗಳ ಹಿಂದೆ ಬೆರಳುದ್ದದ ಮರಿಮೀನಿಗೆ ಒಪ್ಪುವ ಅಳತೆಯ ಸುಳಿಗಳು ಏಳುತ್ತವೆ. 2005, 2019, 2021ರ ಪ್ರವಾಹಗಳಲ್ಲಿ ಈ ಭಾಗದ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ರೈತನ ನಷ್ಟದ ಮಾತು ಬೇರೆ; ಮರಿಮೀನಿಗೆ ಅದು ಆಸರೆಯ ಜಾಗ.

ತಾಳವಿಲ್ಲದ ಸುಳಿಯ ಕತೆ ಬೇರೆ. ಮೀನಿನ ಉದ್ದಕ್ಕಿಂತ ಬಹಳ ಚಿಕ್ಕ ಸುಳಿಗಳು ಮೈಯ ಮೇಲೆ ಒಂದನ್ನೊಂದು ರದ್ದುಮಾಡಿಕೊಳ್ಳುತ್ತವೆ, ಬಹಳ ದೊಡ್ಡವು ಮೀನನ್ನು ಇಡಿಯಾಗಿ ಹೊತ್ತೊಯ್ಯುತ್ತವೆ. ಕೇಡು ನಡುವಿನವುಗಳಿಂದ. ಹ್ಯಾನ್ಸ್ ಟ್ರಿಟಿಕೊ ಮತ್ತು ಆಲಿನ್ ಕೊಟೆಲ್ 2010ರಲ್ಲಿ ಕ್ರೀಕ್ ಚಬ್ ಎಂಬ ಗೆಂಡೆಯ ಬಳಗದ ಮೀನಿನ ಮೇಲೆ ತೋರಿಸಿದಂತೆ, ಸುಳಿಯ ಅಗಲ ಮೀನಿನ ಉದ್ದದ ಮುಕ್ಕಾಲು ಭಾಗ ಮುಟ್ಟಿದಾಗ ಮೀನು ಹಿಡಿತ ತಪ್ಪಿ ಉರುಳತೊಡಗುತ್ತದೆ. ಅದರಲ್ಲೂ ಅಡ್ಡ ಅಕ್ಷದ ಸುತ್ತ ಉರುಳುವ ಸುಳಿ, ನೆಟ್ಟಗಿನ ಸುಳಿಗಿಂತ ಹೆಚ್ಚು ಅಪಾಯದ್ದು. ಮೀನು ಮೈ ಬಳುಕಿಸುವುದು ಎಡಬಲಕ್ಕೆ, ಮೇಲೆ ಕೆಳಗೆ ಅಲ್ಲವಲ್ಲ. ಎಳೆಯ ಸಾಲ್ಮನ್‌ಗಳು ಇಂಥ ಅಡ್ಡಾದಿಡ್ಡಿ ಹರಿವಿನಲ್ಲಿ, ಸರಾಸರಿ ವೇಗ ಅಷ್ಟೇ ಇದ್ದರೂ, 1.3ರಿಂದ 1.6 ಪಟ್ಟು ಹೆಚ್ಚು ಶಕ್ತಿ ಸುಡುತ್ತವೆಂದು 2003ರ ಅಳತೆಗಳು ಹೇಳುತ್ತವೆ.

ಹಿಂಡು ಕಟ್ಟುವುದು ಇದಕ್ಕೊಂದು ಪರಿಹಾರ. ಹಾರ್ವರ್ಡಿನ ಯಾಂಗ್‌ಫಾನ್ ಝಾಂಗ್ ಮತ್ತು ಜಾರ್ಜ್ ಲಾಡರ್ ಗುಂಪು 2024ರಲ್ಲಿ ಜೈಂಟ್ ಡ್ಯಾನಿಯೊ ಮೀನುಗಳನ್ನು ಕ್ಷುಬ್ಧ ನೀರಿನಲ್ಲಿ ಈಜಿಸಿದಾಗ, ಹಿಂಡಿನಲ್ಲಿದ್ದವು ಒಂಟಿ ಮೀನಿಗಿಂತ ಶೇ 79ರವರೆಗೆ ಶಕ್ತಿ ಉಳಿಸಿದವು. ಡ್ಯಾನಿಯೊದ ಅದೇ ಕುಲದ ಮೀನುಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಹಿಂಡುಹಿಂಡಾಗಿ ಇವೆ.

ಇಲ್ಲಿಯ ಮೀನುಗಳು

ಕೃಷ್ಣಾ ಕೊಳ್ಳದ ಮೀನುಗಳ ಶಾಸ್ತ್ರೀಯ ದಾಖಲೆ ಶುರುವಾಗುವುದು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್‌ನಿಂದ. ದಖ್ಖನಿನ ಮೀನುಗಳ ಬಗ್ಗೆ 1839ರಲ್ಲಿ ಬರೆದ ಆತ ಪುಣೆಯ ಮುಳಾ–ಮುಠಾದಲ್ಲಿ ಹಿಡಿದ ಮಹಶೀರಿಗೆ ಖುದ್ರೀ, ಮೀಸೆಯ ದೊಡ್ಡ ಬೇಟೆಗಾರನಿಗೆ ಸೀಂಘಾಲಾ, ಕಲ್ಲಿಗಂಟುವ ಚಿಕ್ಕ ಮೀನಿಗೆ ಮುಲ್ಯಾ ಎಂದು ಅಲ್ಲಿಯ ಮೀನುಗಾರರ ಹೆಸರುಗಳನ್ನೇ ಲ್ಯಾಟಿನ್ನಿಗೆ ಸೇರಿಸಿದ. ಸೆಳವಿನ ದೃಷ್ಟಿಯಿಂದ ನೋಡಿದರೆ ಮೂರೂ ಮೂರು ಬಗೆ. ಮಹಶೀರ್ ಬಲವಾದ ಬಾಲದ ದಿಮ್ಮಿ ಮೈಯ ಈಜುಗಾರ, ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲ್ಮುಖವಾಗಿ ಹೋಗುತ್ತದೆ. ಮುಲ್ಯಾದ ಗ್ಯಾರಾ ಕುಲ ಈಜುವುದಕ್ಕಿಂತ ಹಿಡಿದು ನಿಲ್ಲುವುದನ್ನು ನಂಬಿದೆ: ಬಾಯ ಕೆಳಗಿನ ತಟ್ಟೆಯಂಥ ಭಾಗವನ್ನು ಕಲ್ಲಿಗೆ ಒತ್ತಿ, ಅಗಲ ರೆಕ್ಕೆಗಳನ್ನು ತಳಕ್ಕೆ ಹಚ್ಚಿ, ನೀರು ಮೇಲಿಂದ ಹೋಗಲು ಬಿಡುತ್ತದೆ. ಸೀಂಘಾಲಾ ತಳದ ನಿಧಾನ ನೀರಿನಲ್ಲಿ ಉದ್ದ ಮೀಸೆಗಳಿಂದ ತಡಕಾಡುತ್ತದೆ. ಇವಕ್ಕೆ ತದ್ವಿರುದ್ಧ ಮರಳ ಎಂಬ ಮೀನು. ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಅದಕ್ಕೆ ಕಸ ಬೆಳೆದ ಮಡುವೇ ಲೇಸು.

ಮಳೆಗಾಲದ ಮೊದಲ ಹೊಸನೀರಿಗೆ ಎದುರೇರಿ ಬರುವ ಮೀನಿಗೆ ಮಲೆನಾಡಿನಲ್ಲಿ ಹತ್ತುಮೀನು ಅನ್ನುತ್ತಾರೆ. ಈ ಹತ್ತುವಿಕೆ ಹಟವಲ್ಲ. ಮೊಟ್ಟೆ ಮತ್ತು ಮರಿ ಸೆಳವಿನೊಡನೆ ಕೆಳಕ್ಕೆ ತೇಲುವುದರಿಂದ ತಾಯಿಮೀನು ಮೇಲೆ ಹೋಗಿಯೇ ಇಡಬೇಕು. ಮೇಲೆ ಹೋಗುವ ದಾರಿ ಕಟ್ಟಾದ ಕಡೆ ನಿಂತ ನೀರಿಗೆ ಒಗ್ಗಿದವು ಗೆಲ್ಲುತ್ತವೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಜಿಲೇಬಿ ಮೀನು ಬಾಯಿಯಲ್ಲೇ ಮರಿ ಕಾಯುತ್ತದೆ, ಅದಕ್ಕೆ ಹತ್ತುವ ಗೊಡವೆಯಿಲ್ಲ.

ಬಾಂದಾರ

ಕೊಲ್ಹಾಪುರಿ ಮಾದರಿಯ ಬಾಂದಾರವೆಂದರೆ ಹೊಳೆಗೆ ಅಡ್ಡ ಕಂಬಗಳ ಸಾಲು, ಕಂಬಗಳ ತೋಡುಗಳಲ್ಲಿ ಇಳಿಬಿಡುವ ಹಲಗೆಗಳು. ಹಳೆಯ ಪದ್ಧತಿಯಲ್ಲಿ ಎರಡು ಸಾಲು ಮರದ ಹಲಗೆ, ನಡುವೆ ಮಣ್ಣು. ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗೆ ಮುಂಚೆ ತೆಗೆಯುತ್ತಾರೆ. ಮೇಲೆ ರಸ್ತೆಯೂ ಇರುತ್ತದೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಎಂಬ ಕೆಳಹಂತದ ಸೇತುವೆಗಳ ಹೆಸರು ಮಳೆಗಾಲದ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ: ಸೇತುವೆ ಮುಳುಗಡೆ, ಸಂಚಾರ ಬಂದ್.

ಮೀನಿನ ಕಡೆಯಿಂದ ನೋಡಿದರೆ ಸುದ್ದಿ ತಿರುವುಮುರುವು. ಕಂಬಗಳ ನಡುವಿನ ಕಂಡಿಯ ಎರಡು ಬದಿಯ ನೀರಿನ ಮಟ್ಟದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅಲ್ಲಿಂದ ನುಗ್ಗುವ ನೀರಿನ ವೇಗ ಸೆಕೆಂಡಿಗೆ 2.4 ಮೀಟರ್, 50 ಸೆಂಟಿಮೀಟರಿಗೆ 3.1, ಒಂದು ಮೀಟರಿಗೆ 4.4. ಒಂದಡಿಯ ಮೀನಿನ ಸಿಡಿತದ ವೇಗ ಮೂರು ಮೀಟರ್ ಎಂದು ಮೇಲೆ ಹೇಳಿದೆ. ಅಂದರೆ ಅರ್ಧ ಮೀಟರ್ ವ್ಯತ್ಯಾಸವೇ ಅದಕ್ಕೆ ಗೋಡೆ, ಗೇಣುದ್ದದ ಮೀನಿಗೆ ಅದಕ್ಕಿಂತ ಎಷ್ಟೋ ಮುಂಚೆಯೇ. ಕೆಳಗೆ ಬೀಳುವ ನೀರು ಎಬ್ಬಿಸುವುದೂ ಅಡ್ಡ ಅಕ್ಷದ ಉರುಳುಸುಳಿಗಳನ್ನೇ. ಮಹಾಪೂರದಲ್ಲಿ ಬಾಂದಾರ ಪೂರ್ತಿ ಮುಳುಗಿದಾಗ ಎರಡು ಬದಿಯ ಮಟ್ಟ ಸರಿಸಮವಾಗುತ್ತ ಬರುತ್ತದೆ, ದಂಡೆಯ ಗಿಡಗಂಟಿಗಳ ನಡುವೆ ನಿಧಾನದ ದಾರಿಯೂ ತೆರೆಯುತ್ತದೆ. ಜನರ ದಾರಿ ಬಂದಾದ ದಿನವೇ ಮೀನಿನ ದಾರಿ ತೆರೆಯುತ್ತದೆ.

ಇಂಥ ಅಡ್ಡಿಯನ್ನು ಮೀನು ಹತ್ತಲೆಂದು ಮೆಟ್ಟಿಲು ಮೆಟ್ಟಿಲಾಗಿ ಕೊಳಗಳನ್ನು ಜೋಡಿಸಿ ಮೀನೇಣಿ ಕಟ್ಟುವವರು ಒಂದು ಸರಳ ಅಳತೆ ಬಳಸುತ್ತಾರೆ: ಪ್ರತಿ ಕೊಳದಲ್ಲಿ ಬೀಳುವ ನೀರಿನ ಶಕ್ತಿಯನ್ನು ಕೊಳದ ಗಾತ್ರಕ್ಕೆ ಹಂಚಿದರೆ ಘನಮೀಟರಿಗೆ ಎಷ್ಟು ವ್ಯಾಟ್? ಸಾಲ್ಮನ್‌ನಂಥ ಗಟ್ಟಿ ಈಜುಗಾರನಿಗೆ ಸುಮಾರು 200, ಉಳಿದವಕ್ಕೆ 150 ಅಥವಾ ಅದಕ್ಕೂ ಕಡಿಮೆ. ಸೆಕೆಂಡಿಗೆ 100 ಲೀಟರ್ ನೀರು 20 ಸೆಂಟಿಮೀಟರ್ ಎತ್ತರದಿಂದ ಒಂದು ಘನಮೀಟರ್ ಕೊಳಕ್ಕೆ ಬಿದ್ದರೆ 196 ವ್ಯಾಟ್, ಆಗಲೇ ಅಂಚಿಗೆ ಬಂದಂತೆ. ಸಾಲ್ಮನ್ ಲೆಕ್ಕದ ಏಣಿಯನ್ನು ತಂದು ನಮ್ಮ ಗೆಂಡೆ ಜಾತಿಯ ಮೀನುಗಳಿಗೆ ಕಟ್ಟುವುದು ತಪ್ಪು.

ಬಾಂದಾರಕ್ಕೆ ಏಣಿಯೂ ಬೇಕಿಲ್ಲ. ಹಲಗೆ ತೆಗೆಯುವ ಕ್ರಮದಲ್ಲೇ ಅರ್ಧ ಪರಿಹಾರವಿದೆ. ಮುಂಗಾರಿನ ಹೊಸನೀರು ಘಟ್ಟದಿಂದ ಇಳಿಯುವ ಮುನ್ನವೇ ಹಲಗೆ ತೆಗೆಯಲು ಶುರುಮಾಡಿ, ನಡುಹೊಳೆಯ ಕಂಡಿಗಳಿಗಿಂತ ದಂಡೆಯ ಬದಿಯ ಕಂಡಿಗಳನ್ನು ಮೊದಲು ಪೂರ್ತಿ ತೆರವು ಮಾಡಿದರೆ, ಮಟ್ಟದ ವ್ಯತ್ಯಾಸ ಒಂದು ಗೇಣಿನೊಳಗೆ ಬಂದ ದಿನದಿಂದ ಮೀನು ಹತ್ತತೊಡಗುತ್ತದೆ. ನೀರಾವರಿ ಇಲಾಖೆಯೂ ಮೀನುಗಾರಿಕೆ ಇಲಾಖೆಯೂ ಕೂಡಿ ಕೂತು, ಹಲಗೆ ತೆಗೆಯುವ ವೇಳಾಪಟ್ಟಿಯಲ್ಲಿ ಮೀನಿನ ಕಾಲಮಾನಕ್ಕೂ ಒಂದು ಸಾಲು ಸೇರಿಸಬೇಕು.